ಪ್ಲಸ್ಸು, ಮೈನಸ್ಸು ಮತ್ತು ನಂಬರ್ ಒನ್

ಹಳೇ ರೇಟಿಂಗ್ ಪಟ್ಟಿಗಳನ್ನು ಓದೋದು ನನಗೊಂದು ಚಟ. ಮನೆಯವರೆಲ್ಲ ರಾತ್ರಿ ಊಟ ಆದಮೇಲೆ ರೀಲ್ಸ್ ನೋಡ್ತಾ ಕೂತರೆ, ನಾನು ಸ್ವೀಡನ್ನಿನ ಚೆಸ್ ಕಂಪ್ಯೂಟರ್ ಸಂಘದವರು ಮೂವತ್ತು ವರ್ಷದ ಹಿಂದೆ ಮಾಡಿದ ಪಟ್ಟಿಗಳನ್ನು ತೆಗೆದುಕೊಂಡು ಕೂರ್ತೀನಿ. ಎಡಗಡೆ ಕ್ರಮಾಂಕ, ಆಮೇಲೆ ಪ್ರೋಗ್ರಾಂ ಹೆಸರು, ಅದು ಯಾವ ಯಂತ್ರದ ಮೇಲೆ ಓಡಿತು ಅನ್ನೋದು, ಆಮೇಲೆ ರೇಟಿಂಗ್. ಅದರ ಪಕ್ಕ ಎರಡು ಸಣ್ಣ ಕಾಲಂ: ಒಂದರ ತಲೆ ಮೇಲೆ ಪ್ಲಸ್, ಇನ್ನೊಂದರ ತಲೆ ಮೇಲೆ ಮೈನಸ್. ನಂತರ ಎಷ್ಟು ಆಟ, ಶೇಕಡಾ ಎಷ್ಟು ಅಂಕ, ಎದುರಾಳಿಗಳ ಸರಾಸರಿ ರೇಟಿಂಗ್ ಎಷ್ಟು. ಅಷ್ಟೇ.

ಈ ಪಟ್ಟಿಯನ್ನು ನೋಡಿದವರೆಲ್ಲ ಮೊದಲು ನೋಡ್ತಿದ್ದದ್ದು ಕ್ರಮಾಂಕವನ್ನ. ಯಾರು ಒಂದನೇ ನಂಬರು? ಆಮೇಲೆ ರೇಟಿಂಗ್. ಆ ಪ್ಲಸ್ ಮೈನಸ್ ಕಾಲಂ ಹತ್ತಿರ ಕಣ್ಣು ಹೋಗೋದು ಕಡಿಮೆ. ಆದರೆ ಇಡೀ ಪಟ್ಟಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಜಾಗ ಅಂದರೆ ಅದೇ. ಹಾಗಾಗಿ ಇವತ್ತಿನ ಕತೆ ಆ ಎರಡು ಕಾಲಂಗಳದ್ದು.

ಮೊದಲು ರೇಟಿಂಗ್ ಅಂದರೆ ಏನು ಅಂತ ಒಂಚೂರು. ಆರ್ಪಾಡ್ ಎಲೊ ಹಂಗೇರಿಯಲ್ಲಿ 1903ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಮೇಷ್ಟ್ರು, ಜೊತೆಗೆ ಒಳ್ಳೇ ಚೆಸ್ ಆಟಗಾರ. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲೂ, ಅಂತರರಾಷ್ಟ್ರೀಯ ಸಂಸ್ಥೆ ಫಿಡೆ 1970ರಲ್ಲೂ ಒಪ್ಪಿಕೊಂಡವು. ಲೆಕ್ಕ ಸರಳ. ಇಬ್ಬರ ರೇಟಿಂಗ್ ಮಧ್ಯೆ 100 ಪಾಯಿಂಟ್ ವ್ಯತ್ಯಾಸ ಇದ್ದರೆ ಮೇಲಿನವನು 100 ಆಟಗಳಲ್ಲಿ ಸುಮಾರು 64 ಅಂಕ ಗಳಿಸಬೇಕು. 200 ಇದ್ದರೆ 76. 400 ಇದ್ದರೆ 91. ಗಮನಿಸಿ, ಇಲ್ಲಿ ಅರ್ಥ ಇರೋದು ವ್ಯತ್ಯಾಸಕ್ಕೆ ಮಾತ್ರ. 2400 ಅನ್ನೋ ಸಂಖ್ಯೆಗೆ ಸ್ವತಂತ್ರವಾಗಿ ಏನೂ ಅರ್ಥವಿಲ್ಲ. ಎಲ್ಲರ ರೇಟಿಂಗಿಗೂ ಒಂದು ಸಾವಿರ ಸೇರಿಸಿಬಿಟ್ಟರೂ ಲೆಕ್ಕದಲ್ಲಿ ಏನೂ ಬದಲಾಗಲ್ಲ. ಎಲೊ ಮೇಷ್ಟ್ರಿಗೆ ತಮ್ಮ ಅಳತೆಯ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ನೀರಿನ ಮೇಲೆ ಕುಣಿಯುವ ಬೆಂಡನ್ನ ಗಾಳಿಗೆ ಓಲಾಡುವ ಕೋಲಿನಿಂದ ಅಳೆಯೋ ಕೆಲಸಕ್ಕೆ ಇದನ್ನು ಅವರೇ ಹೋಲಿಸಿದ್ದರು.

ಮನುಷ್ಯರ ವಿಷಯದಲ್ಲಿ ಈ ಓಲಾಟ ಅಷ್ಟು ಕಾಡಲಿಲ್ಲ. ಆಟಗಾರ ಬೆಳೀತಾನೆ, ಸುಸ್ತಾಗ್ತಾನೆ, ರೇಟಿಂಗ್ ಹಿಂದೆ ಹಿಂದೆ ಓಡಿ ಬರುತ್ತೆ, ಯಾರೂ 10 ಪಾಯಿಂಟಿಗೆ ಜಗಳ ಆಡಲ್ಲ. ಜಗಳ ಶುರುವಾಗಿದ್ದು ಯಂತ್ರಗಳು ಬಂದಮೇಲೆ. ಯಾಕಂದ್ರೆ ಯಂತ್ರಗಳನ್ನು ಮಾರಬೇಕಿತ್ತು.

1980ರ ದಶಕದಲ್ಲಿ ಚೆಸ್ ಕಂಪ್ಯೂಟರ್ ಅಂದರೆ ಒಂದು ಪೆಟ್ಟಿಗೆ. ಮೇಲೆ ಚೆಸ್ ಬೋರ್ಡು, ಕೆಳಗೆ ಚಿಪ್ಪು, ಮನೆಗಳ ಪಕ್ಕ ಕೆಂಪು ದೀಪ. ಜರ್ಮನಿಯ ಮೆಫಿಸ್ಟೊ, ಅಮೆರಿಕದ ಫಿಡೆಲಿಟಿ, ಹಾಂಗ್‌ಕಾಂಗಿನ ನೊವಾಗ್ ಮೂರೂ ದೊಡ್ಡ ಹೆಸರುಗಳು. ಮೇಲ್ದರ್ಜೆಯ ಮಾಡೆಲ್‌ಗಳು ಅಗ್ಗದ ವಸ್ತುಗಳೇನಲ್ಲ. ಅಂಗಡಿಯಲ್ಲಿ ನಿಂತ ಗಿರಾಕಿಗೆ ಒಳಗಿನ ಪ್ರೋಗ್ರಾಂ ಎಷ್ಟು ಜಾಣ ಅಂತ ಗೊತ್ತಾಗೋದು ಹೇಗೆ? ಡಬ್ಬದ ಮೇಲೆ ಒಂದು ನಂಬರ್ ಇರಬೇಕು. ಅಮೆರಿಕದಲ್ಲಿ ಕಂಪನಿಗಳು ದುಡ್ಡು ಕೊಟ್ಟು ಚೆಸ್ ಫೆಡರೇಷನ್ನಿಂದ ಪರೀಕ್ಷೆ ಮಾಡಿಸಿಕೊಳ್ಳೋ ವ್ಯವಸ್ಥೆ ಇತ್ತು. ರೇಟಿಂಗ್ ಇರೋ ಮನುಷ್ಯರ ಜೊತೆ ಕೆಲವು ಡಜನ್ ಆಟ, ಬಂದ ನಂಬರು ಜಾಹೀರಾತಿಗೆ. ನಾಲ್ಕಂಕಿಯ ನಂಬರು, ಕೊನೇ ಅಂಕಿ ಸಮೇತ. ಮೈನಸ್ ಪ್ಲಸ್ ಎಲ್ಲೂ ಇಲ್ಲ.

ಸ್ವೀಡನ್ನಿನ ಹವ್ಯಾಸಿಗಳು ಬೇರೆ ದಾರಿ ಹಿಡಿದರು. ಎಸ್‌ಎಸ್‌ಡಿಎಫ್ ಅಂತ ಅವರ ಸಂಘದ ಹೆಸರು, ಪ್ಲೈ ಅಂತ ಅವರ ಪತ್ರಿಕೆ. ಯಂತ್ರವನ್ನು ಯಂತ್ರದ ಎದುರೇ ಕೂರಿಸಿ ಆಡಿಸೋದು, ಆಡಿಸಿದವರು ಫಲಿತಾಂಶ ಕಳಿಸೋದು, ಸಂಘ ಎಲ್ಲವನ್ನೂ ಕೂಡಿ ಪಟ್ಟಿ ಮಾಡೋದು. 1984ರಿಂದ ಪಟ್ಟಿ ಬರತೊಡಗಿತು. ಟೂರ್ನಮೆಂಟಿನ ವೇಗ: ಎರಡು ಗಂಟೆಗೆ 40 ನಡೆ. ಆ ಕಾಲದಲ್ಲಿ ಎರಡು ಪೆಟ್ಟಿಗೆಗಳಿಗೆ ಪರಸ್ಪರ ಮಾತಾಡಲು ಬರ್ತಿರಲಿಲ್ಲ. ಒಬ್ಬ ಮನುಷ್ಯ ನಡುವೆ ಕೂತು, ಈ ಬೋರ್ಡಿನ ನಡೆಯನ್ನು ಆ ಬೋರ್ಡಿನಲ್ಲಿ ಒತ್ತಿ, ಆ ಬೋರ್ಡಿನ ಉತ್ತರವನ್ನು ಈ ಬೋರ್ಡಿಗೆ ತಂದು ಒತ್ತಬೇಕು. ಒಂದು ಆಟಕ್ಕೆ ನಾಲ್ಕೈದು ಗಂಟೆ. ಹಗಲು ಕೆಲಸ, ಸಂಜೆ ಇದು. ಸಂಬಳ ಇಲ್ಲ.

ಈಗ ಲೆಕ್ಕ ಹಾಕೋಣ. ನನ್ನ ಕೆಲಸವೇ ಎ/ಬಿ ಟೆಸ್ಟಿಂಗ್, ಆ್ಯಪಿನಲ್ಲಿ ಯಾವ ಬಟನ್ನಿಗೆ ಜನ ಹೆಚ್ಚು ಒತ್ತುತ್ತಾರೆ ಅಂತ ನೋಡೋದು. ಹಾಗಾಗಿ ಈ ಲೆಕ್ಕ ಬಿಟ್ಟರೂ ಬಿಡದು. ಸಮಬಲದ ಎರಡು ಪ್ರೋಗ್ರಾಂ 100 ಆಟ ಆಡಿದವು ಅಂತಿಟ್ಟುಕೊಳ್ಳಿ, ಅದರಲ್ಲಿ ಮೂರರಲ್ಲಿ ಒಂದು ಪಾಲು ಡ್ರಾ. ಬರೋ ಫಲಿತಾಂಶದ ಎರರ್ ಮಾರ್ಜಿನ್ ಎಷ್ಟು? ಶೇಕಡಾ 95ರ ಖಾತ್ರಿ ಬೇಕಂದ್ರೆ ಹೆಚ್ಚೂಕಡಿಮೆ 55 ಪಾಯಿಂಟ್, ಮೇಲಕ್ಕೂ ಕೆಳಕ್ಕೂ. 400 ಆಟ ಆಡಿಸಿದರೆ 28ಕ್ಕೆ ಇಳಿಯುತ್ತೆ. ನಾಲ್ಕು ಪಟ್ಟು ದುಡಿದರೆ ಅರ್ಧದಷ್ಟು ಮಾತ್ರ ಲಾಭ; ವರ್ಗಮೂಲದ ನಿಯಮ ಯಾರಿಗೂ ರಿಯಾಯಿತಿ ಕೊಡಲ್ಲ. ಆಟಕ್ಕೆ ಐದು ಗಂಟೆಯ ಹಾಗೆ 400 ಆಟ ಅಂದರೆ 2000 ಗಂಟೆ. ನಿದ್ದೆ ಊಟ ಬಿಟ್ಟು ಆಡಿಸಿದರೂ 83 ದಿನ. ದಿನಕ್ಕೊಂದು ಸಂಜೆ ಒಂದು ಆಟ ಅಂದರೆ ವರ್ಷದ ಮೇಲೆ ಒಂದು ತಿಂಗಳು. ಇಷ್ಟೆಲ್ಲಾ ಆದಮೇಲೂ ಪಟ್ಟಿಯಲ್ಲಿ 15 ಪಾಯಿಂಟ್ ಅಂತರದ ಇಬ್ಬರಲ್ಲಿ ಯಾರು ಮೇಲು ಅಂತ ಎದೆ ತಟ್ಟಿ ಹೇಳಕ್ಕಾಗಲ್ಲ.

ಚಿಕ್ಕ ಮ್ಯಾಚುಗಳ ಕತೆ ಇನ್ನೂ ಮಜಾ. ಒಂದೇ ಪ್ರೋಗ್ರಾಂನ ಎರಡು ಪ್ರತಿ ಮಾಡಿ, ಒಂದಕ್ಕೆ ರಾಮ ಇನ್ನೊಂದಕ್ಕೆ ಭೀಮ ಅಂತ ಹೆಸರಿಟ್ಟು 20 ಆಟ ಆಡಿಸಿ. ಡ್ರಾಗಳೇ ಇಲ್ಲ ಅಂದುಕೊಂಡರೆ, ಇಬ್ಬರಲ್ಲಿ ಒಬ್ಬ 14–6 ಅಥವಾ ಅದಕ್ಕಿಂತ ಜೋರಾಗಿ ಗೆಲ್ಲುವ ಸಾಧ್ಯತೆ ಶೇಕಡಾ 11ಕ್ಕಿಂತ ಹೆಚ್ಚು. 14–6ನ್ನು ಎಲೊ ಸೂತ್ರಕ್ಕೆ ಹಾಕಿದರೆ ಬರೋದು 147 ಪಾಯಿಂಟ್. ಅಂದರೆ ಒಂಬತ್ತು ಸಲ ಪ್ರಯೋಗ ಮಾಡಿದರೆ ಒಂದು ಸಲ ಒಬ್ಬ ತನಗಿಂತ ತಾನೇ ಒಂದೂವರೆ ನೂರು ಪಾಯಿಂಟ್ ಜಾಣ ಅಂತ ಸಾಬೀತಾಗ್ತಾನೆ! ನಾಣ್ಯ ಚಿಮ್ಮಿ ನೋಡಿ, ಬೇಕಿದ್ರೆ. ಒಂದು ಸಂಜೆ ಸಾಕು.

ಸ್ವೀಡನ್ನಿನವರಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಆ ಪ್ಲಸ್ ಮೈನಸ್ ಕಾಲಂ. ಅದನ್ನು ಹಾಕೋದರಿಂದ ಪಟ್ಟಿ ಸಪ್ಪೆ ಆಗುತ್ತೆ, ಒಂದನೇ ನಂಬರಿನ ಕಿರೀಟ ಸ್ವಲ್ಪ ವಾಲುತ್ತೆ ಅಂತ ಗೊತ್ತಿದ್ದೂ ಹಾಕಿದರು. ಮಾರೋರು ಮಾತ್ರ ಅದನ್ನು ಕತ್ತರಿಸಿ ಉಳಿದದ್ದನ್ನು ಜಾಹೀರಾತಿಗೆ ಹಾಕಿಕೊಂಡರು. ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ಸಿಗೋ ರೇಟಿಂಗ್ ಪಕ್ಕ ಯಾವತ್ತಾದರೂ ಪ್ಲಸ್ ಮೈನಸ್ ನೋಡಿದ್ದೀರಾ? ಇರಲಿ, ಆ ವಿಷಯ ಬೇಡ.

ಪಟ್ಟಿಯ ತುದಿಯಲ್ಲಿರೋರಿಗೆ ಇನ್ನೊಂದು ತೊಡಕು. ಐವತ್ತು ಪ್ರೋಗ್ರಾಂಗಳಲ್ಲಿ ಪ್ರತಿಯೊಂದಕ್ಕೂ ಅದೃಷ್ಟದ ಒಂದು ಪಾಲು ಸೇರಿರುತ್ತೆ, ಕೆಲವಕ್ಕೆ ಪ್ಲಸ್, ಕೆಲವಕ್ಕೆ ಮೈನಸ್. ಎಲ್ಲರಿಗಿಂತ ಮೇಲೆ ಬಂದು ಕೂತವನಿಗೆ ಹೆಚ್ಚಾಗಿ ಪ್ಲಸ್ ಸಿಕ್ಕಿರುತ್ತೆ, ಅದಕ್ಕೇ ಅವನು ಅಲ್ಲಿರೋದು. ಹೊಸ ಪ್ರೋಗ್ರಾಂ ಕಡಿಮೆ ಆಟಗಳಲ್ಲಿ ಭರ್ಜರಿಯಾಗಿ ತುದಿಗೆ ಬರೋದು, ಆಟ ಹೆಚ್ಚಾದ ಹಾಗೆ ಮೆಲ್ಲಗೆ ಕೆಳಗೆ ಜಾರೋದು: ಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿದವರಿಗೆ ಇದು ಮಾಮೂಲಿ ದೃಶ್ಯ. ಪ್ರೋಗ್ರಾಂ ಕೆಟ್ಟಿರಲ್ಲ, ಸಾಲ ತೀರಿಸ್ತಿರುತ್ತೆ.

ಇಲ್ಲಿವರೆಗಿನದ್ದು ಎಣಿಕೆಯ ಸಮಸ್ಯೆ. ಹೆಚ್ಚು ಆಟ ಆಡಿಸಿದರೆ ಬಗೆಹರಿಯುವಂಥದ್ದು. ಎಷ್ಟು ಆಡಿಸಿದರೂ ಬಗೆಹರಿಯದ ಕೆಲವು ಇವೆ, ನನಗೆ ಹೆಚ್ಚು ಕುತೂಹಲ ಅದರಲ್ಲೇ.

ಅಮೆರಿಕದ ವರ್ಜೀನಿಯಾದ ಜೈಲಿನಲ್ಲಿ ಕ್ಲಾಡ್ ಬ್ಲಡ್‌ಗುಡ್ ಅಂತ ಒಬ್ಬ ಕೈದಿ ಇದ್ದ. ತಾಯಿಯನ್ನೇ ಕೊಂದ ಅಪರಾಧಕ್ಕೆ ಶಿಕ್ಷೆ. ಚೆಸ್ ಹುಚ್ಚು. ಜೈಲಿನೊಳಗೇ ಟೂರ್ನಮೆಂಟು, ಆಡೋರೆಲ್ಲ ಕೈದಿಗಳೇ, ಫಲಿತಾಂಶ ಫೆಡರೇಷನ್ನಿಗೆ. ಹೊಸ ಕೈದಿಗಳಿಗೆ ಅವರವರಲ್ಲೇ ಆಡಿ ರೇಟಿಂಗ್ ಸಿಗುತ್ತೆ, ಆ ರೇಟಿಂಗನ್ನು ಈತ ಗೆದ್ದು ಗೆದ್ದು ಮೇಲಕ್ಕೆ ಹೋಗ್ತಾನೆ. 1996ರ ಹೊತ್ತಿಗೆ ಅವನ ರೇಟಿಂಗ್ 2700 ದಾಟಿ, ಕಾಗದದ ಮೇಲೆ ಅವನು ದೇಶದ ಅತ್ಯುತ್ತಮ ಗ್ರ್ಯಾಂಡ್‌ಮಾಸ್ಟರ್‌ಗಳ ಸಾಲಿನಲ್ಲಿದ್ದ. ಹೀಗಾಗುತ್ತೆ ಅಂತ ಅವನೇ ಫೆಡರೇಷನ್ನಿಗೆ ಎಚ್ಚರಿಕೆ ಕೊಟ್ಟಿದ್ದ ಅಂತಾನೂ ಹೇಳ್ತಾರೆ. ಅವನ ರೇಟಿಂಗಿಗೆ ಆಟಗಳ ಸಂಖ್ಯೆಯ ಕೊರತೆ ಏನೂ ಇರಲಿಲ್ಲ. ಕೊರತೆ ಇದ್ದದ್ದು ಹೊರಗಿನ ಸಂಪರ್ಕದ್ದು.

ಕಂಪ್ಯೂಟರ್ ಪಟ್ಟಿಗಳೂ ಒಂದು ರೀತಿ ಅದೇ ಜೈಲು. ಯಂತ್ರಗಳು ಯಂತ್ರಗಳ ಜೊತೆ ಮಾತ್ರ ಆಡ್ತವೆ. ಒಳಗಿನ ವ್ಯತ್ಯಾಸಗಳು ಸರಿಯಾಗೇ ಇರಬಹುದು, ಆದರೆ ಇಡೀ ಏಣಿಯನ್ನು ಮನುಷ್ಯರ ಏಣಿಯ ಪಕ್ಕ ಎಲ್ಲಿ ನಿಲ್ಲಿಸೋದು? ಸ್ವೀಡನ್ನಿನವರು ಇದಕ್ಕಾಗಿ 1987ರಿಂದ 1991ರ ನಡುವೆ ಯಂತ್ರಗಳು ಅಲ್ಲಿನ ಟೂರ್ನಮೆಂಟ್ ಆಟಗಾರರ ಎದುರು ಆಡಿದ ಕೆಲವು ನೂರು ಆಟಗಳನ್ನು ಆಧಾರ ಮಾಡಿಕೊಂಡರು. ಆಮೇಲೆ ಪ್ರೋಗ್ರಾಂ ಮೇಲೆ ಪ್ರೋಗ್ರಾಂ, ಚಿಪ್ಪಿನ ಮೇಲೆ ಚಿಪ್ಪು ಬಂತು, ಏಣಿಗೆ ಮೆಟ್ಟಿಲು ಸೇರ್ತಾ ಹೋಯ್ತು, ಬುಡ ಮಾತ್ರ ಹಳೇದೇ. 2000ದ ಆಗಸ್ಟಿನಲ್ಲಿ ಅವರು ಪಟ್ಟಿಯಲ್ಲಿದ್ದ ಎಲ್ಲ ರೇಟಿಂಗ್‌ಗಳನ್ನೂ ಒಂದೇ ಏಟಿಗೆ 100 ಪಾಯಿಂಟ್ ಕೆಳಗಿಳಿಸಿದರು. ಮನುಷ್ಯರ ಎದುರಿನ ಫಲಿತಾಂಶಗಳಿಗೆ ಹೋಲಿಸಿದರೆ ಪಟ್ಟಿಯ ತುದಿ ತೀರಾ ಮೇಲಿದೆ ಅನ್ನೋದು ಕಾರಣ. ರಾತ್ರೋರಾತ್ರಿ ಎಲ್ಲರೂ 100 ಪಾಯಿಂಟ್ ದಡ್ಡರಾದರು, ಒಬ್ಬರ ಕ್ರಮಾಂಕವೂ ಕದಲಲಿಲ್ಲ. ನನಗಂತೂ ಆ ಪಟ್ಟಿಗಳ ಇತಿಹಾಸದಲ್ಲಿ ಇದು ಅತ್ಯಂತ ಧೈರ್ಯದ ಕೆಲಸ ಅನ್ಸುತ್ತೆ.

ಸ್ವಂತ ತಮ್ಮಂದಿರ ಜೊತೆ ಆಡಿಸೋದರಲ್ಲೂ ಇದೇ ರೋಗ ಇದೆ. ಯೂನಿಕ್ಸ್ ಬರೆದ ಕೆನ್ ಥಾಂಪ್ಸನ್ ಗೊತ್ತಲ್ಲ, ಬೆಲ್ ಲ್ಯಾಬ್ಸ್‌ನವರು, ಅವರು ಬೆಲ್ ಅನ್ನೋ ಚೆಸ್ ಯಂತ್ರವನ್ನೂ ಕಟ್ಟಿದ್ದರು. ಒಂದು ನಡೆ ಹೆಚ್ಚು ಆಳಕ್ಕೆ ಯೋಚಿಸೋ ಬೆಲ್ಲನ್ನು ಕಡಿಮೆ ಯೋಚಿಸೋ ಬೆಲ್ ಎದುರು ಆಡಿಸಿ, ಪ್ರತಿ ಹೆಚ್ಚುವರಿ ನಡೆಗೆ ಸುಮಾರು 200 ಪಾಯಿಂಟ್ ಸಿಗುತ್ತೆ ಅಂತ 1980ರ ದಶಕದ ಶುರುವಿನಲ್ಲಿ ಪ್ರಕಟಿಸಿದರು. ಸಂಖ್ಯೆ ಪ್ರಸಿದ್ಧ ಆಯ್ತು, ಎಲ್ಲರೂ ಗೆರೆ ಎಳೆದು ಯಂತ್ರ ವಿಶ್ವ ಚಾಂಪಿಯನ್ ಆಗೋದು ಯಾವಾಗ ಅಂತ ಲೆಕ್ಕ ಹಾಕಿದರು. ಆದರೆ ಅಣ್ಣನಿಗೆ ತಮ್ಮನ ಎಲ್ಲಾ ದೌರ್ಬಲ್ಯ ಕಾಣುತ್ತೆ, ಒಂದು ಹೆಜ್ಜೆ ಮುಂದಿನಿಂದ. ಬೇರೆ ಮನೆಯವನ ಎದುರು ಅಷ್ಟು ಲಾಭ ಸಿಗಲ್ಲ. ಜರ್ಮನಿಯ ಎರ್ನ್‌ಸ್ಟ್ ಹೈನ್ಸ್ ಅನ್ನೋ ಸಂಶೋಧಕ 2000ದ ಆಸುಪಾಸಿನಲ್ಲಿ ಹಿಂದಿನ ಇಂಥ ಪ್ರಯೋಗಗಳನ್ನೆಲ್ಲ ತೆಗೆದು ನೋಡಿದಾಗ, ಅವುಗಳಲ್ಲಿ ಹೆಚ್ಚಿನವಕ್ಕೆ ಶೇಕಡಾ 95ರ ಖಾತ್ರಿಯಿಂದ ಏನಾದರೂ ಹೇಳುವಷ್ಟು ಆಟಗಳೇ ಇರಲಿಲ್ಲ.

1990ರ ದಶಕದಲ್ಲಿ ಪೆಟ್ಟಿಗೆಗಳು ಹೋಗಿ ಪಿಸಿ ಬಂದವು. ಆಸ್ಟ್ರಿಯಾದ ಕ್ರಿಲ್ಲಿ ಡೊನ್ನಿಂಗರ್ ಎರಡು ಪಿಸಿಗಳನ್ನು ಸೀರಿಯಲ್ ಕೇಬಲ್ಲಿನಿಂದ ಜೋಡಿಸಿ ತಾವಾಗೇ ಆಡುವಂತೆ ಮಾಡೋ ಆಟೊ232 ಅನ್ನೋ ಸಾಧನ ಕೊಟ್ಟರು. ನಡುವೆ ಕೂತಿದ್ದ ಮನುಷ್ಯನಿಗೆ ಬಿಡುಗಡೆ. ರಾತ್ರಿ ಮಲಗುವಾಗ ಹಚ್ಚಿಟ್ಟರೆ ಬೆಳಗ್ಗೆ ಫಲಿತಾಂಶ ರೆಡಿ. ಆಟಗಳ ಸಂಖ್ಯೆ ಏರಿತು, ಪ್ಲಸ್ ಮೈನಸ್ ಇಳಿಯಿತು. ಆದರೆ ಇದರಲ್ಲೂ ಒಂದು ಕಿತಾಪತಿ ಹುಟ್ಟಿತು. ಪ್ರೋಗ್ರಾಂಗಳು ಆಟದ ಶುರುವಿನ ನಡೆಗಳನ್ನು ಯೋಚಿಸಿ ಆಡಲ್ಲ, ಓಪನಿಂಗ್ ಪುಸ್ತಕದಿಂದ ಎತ್ತಿ ಆಡ್ತವೆ. ಗೆದ್ದ ದಾರಿಯನ್ನು ನೆನಪಿಟ್ಟುಕೊಂಡು ಅದನ್ನೇ ಮತ್ತೆ ಆಡುವ ವಿದ್ಯೆಯನ್ನು ಪ್ರೋಗ್ರಾಮರ್‌ಗಳು ಕಲಿಸಿದರು. ಎದುರಾಳಿಗೆ ಆ ನೆನಪು ಇಲ್ಲದಿದ್ದರೆ ಅದೇ ಆಟ, ಅದೇ ಸೋಲು, ಮತ್ತೆ ಮತ್ತೆ. ಹತ್ತು ಗೆಲುವು ಅಂತ ಪಟ್ಟಿಗೆ ಹೋಗುತ್ತೆ. ಸಂಖ್ಯಾಶಾಸ್ತ್ರದ ಕಣ್ಣಲ್ಲಿ ಅದು ಒಂದೇ ಗೆಲುವು, ಹತ್ತು ಜೆರಾಕ್ಸ್. ಎರರ್ ಮಾರ್ಜಿನ್ನಿನ ಸೂತ್ರ ಪ್ರತಿ ಆಟವೂ ಹೊಸದು ಅಂತ ನಂಬಿ ಕೆಲಸ ಮಾಡುತ್ತೆ. ಆ ನಂಬಿಕೆ ಮುರಿದರೆ ಪ್ಲಸ್ ಮೈನಸ್ ಕಾಲಮ್ಮೂ ಸುಳ್ಳು ಹೇಳತೊಡಗುತ್ತೆ. ಎದುರಾಳಿಯ ಪುಸ್ತಕವನ್ನು ಮೊದಲೇ ಓದಿ, ಅವನಿಗೇ ಅಂತ ಗುಂಡಿ ತೋಡಿಟ್ಟುಕೊಂಡು ಬರ್ತಾರೆ ಅನ್ನೋ ಆರೋಪಗಳೂ ಆಗ ಧಾರಾಳ.

ಇದೆಲ್ಲ ಸಿಡಿದದ್ದು 1998ರಲ್ಲಿ, ಫ್ರಿಟ್ಜ್ 5 ಪಟ್ಟಿಯ ತುದಿಗೆ ಬಂದಾಗ. ಅದನ್ನು ಪರೀಕ್ಷಿಸಲು ಬಳಸಿದ ಆಟೋಪ್ಲೇಯರ್ ಅದನ್ನು ಮಾರುವ ಚೆಸ್‌ಬೇಸ್ ಕಂಪನಿಯದ್ದೇ, ನಮ್ಮ ಕೈಗೆ ಅದು ಸಿಕ್ಕಿಲ್ಲ, ನಾವು ಪರಿಶೀಲಿಸೋದು ಹೇಗೆ ಅಂತ ಪ್ರತಿಸ್ಪರ್ಧಿಗಳು ಕೇಳಿದರು. ದೊಡ್ಡ ಗಲಾಟೆ. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಹೋಗಲ್ಲ. ನನಗೆ ಮುಖ್ಯ ಅನ್ನಿಸಿದ್ದು ಪ್ರಶ್ನೆ ಬದಲಾದ ರೀತಿ. ಅಲ್ಲಿಯವರೆಗೆ "ಎಷ್ಟು ಆಟ?" ಅಂತ ಕೇಳ್ತಿದ್ದರು, ಈಗ "ಯಾರ ಕೈಯಲ್ಲಿ, ಯಾವ ಕೇಬಲ್ಲಿನಲ್ಲಿ, ಯಾವ ಪುಸ್ತಕದಿಂದ?" ಅಂತ ಕೇಳಿದರು.

ಅದಕ್ಕೆ ಹಿಂದಿನ ವರ್ಷವೇ ಡೀಪ್ ಬ್ಲೂ ಕಾಸ್ಪರೋವ್‌ನನ್ನು 3½–2½ ಅಂಕಗಳಿಂದ ಸೋಲಿಸಿತ್ತು. ಆರು ಆಟ: ಯಂತ್ರಕ್ಕೆ ಎರಡು ಗೆಲುವು, ಮನುಷ್ಯನಿಗೆ ಒಂದು, ಮೂರು ಡ್ರಾ. ಯಾರು ಬಲಶಾಲಿ ಅನ್ನೋ ಪ್ರಶ್ನೆಗೆ ಡ್ರಾಗಳು ಸಾಕ್ಷಿ ಹೇಳಲ್ಲ, ಗೆಲುವು ಸೋಲು ಮಾತ್ರ ಹೇಳ್ತವೆ. ಎರಡಕ್ಕೆ ಒಂದು ಅನ್ನೋ ಸಾಕ್ಷಿಯಿಂದ ಡೀಪ್ ಬ್ಲೂ ಮೇಲು ಅನ್ನೋ ಮಾತಿಗೆ ಸಿಗೋ ಬಲ ಸುಮಾರು ಶೇಕಡಾ 70. ಮಳೆ ಬರಬಹುದು ಅಂತ ಕೊಡೆ ತಗೊಂಡು ಹೋಗೋಕೆ ಸಾಕು. ಜಗತ್ತಿನ ಪತ್ರಿಕೆಗಳೆಲ್ಲ ಇದರ ಮೇಲೆ ಮನುಕುಲದ ಸೋಲನ್ನು ಬರೆದವು. ಐಬಿಎಂ ಮರುಪಂದ್ಯ ಆಡಲಿಲ್ಲ, ಯಂತ್ರವನ್ನು ಬಿಚ್ಚಿಟ್ಟಿತು. ಏಳನೇ ಆಟ ಇಲ್ಲ.

ಹೊಸ ಶತಮಾನದ ಮೊದಲ ದಶಕದಲ್ಲಿ ಸಿಸಿಆರ್‌ಎಲ್, ಸಿಇಜಿಟಿ ಅಂತ ಹೊಸ ಸ್ವಯಂಸೇವಕರ ಪಟ್ಟಿಗಳು ಬಂದವು. ಕಲಿಯುವ ವಿದ್ಯೆಯನ್ನು ಆಫ್ ಮಾಡಿ, ಎಲ್ಲರಿಗೂ ಒಂದೇ ಥರದ ಪುಸ್ತಕ ಕೊಟ್ಟು, ಲಕ್ಷಗಟ್ಟಲೆ ಆಟ ಆಡಿಸಿದರು. ಫ್ರಾನ್ಸಿನ ರೆಮಿ ಕುಲೋಂ ಬೇಯ್ಸ್‌ಎಲೊ ಅನ್ನೋ ಪ್ರೋಗ್ರಾಂ ಬರೆದುಕೊಟ್ಟರು. ಎಲ್ಲ ಆಟಗಳನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕುವ ಈ ವಿಧಾನದ ಬೇರು ಎಲೊ ಮೇಷ್ಟ್ರಿಗಿಂತ ಹಿಂದಕ್ಕೆ, 1929ರಲ್ಲಿ ಗಣಿತಜ್ಞ ತ್ಸೆರ್ಮೆಲೊ ಬರೆದ ಲೇಖನದವರೆಗೆ ಹೋಗುತ್ತೆ; 1952ರಲ್ಲಿ ಬ್ರ್ಯಾಡ್ಲಿ ಮತ್ತು ಟೆರ್ರಿ ಅದನ್ನೇ ಸ್ವತಂತ್ರವಾಗಿ ಕಂಡುಕೊಂಡರು. ಪಟ್ಟಿಗಳಿಗೆ ಹೊಸದೊಂದು ಕಾಲಂ ಕೂಡ ಸೇರಿತು: ಇವನು ತನ್ನ ಕೆಳಗಿನವನಿಗಿಂತ ನಿಜಕ್ಕೂ ಮೇಲು ಅನ್ನೋ ಸಾಧ್ಯತೆ ಶೇಕಡಾ ಎಷ್ಟು ಅಂತ. ನೀವು ದಿನಾ ಬಳಸೋ ಎಐ ಚಾಟ್‌ಬಾಟ್‌ಗಳಲ್ಲಿ ಯಾವುದು ಮುಂದೆ ಅಂತ ಹೇಳೋ ಚಾಟ್‌ಬಾಟ್ ಅರೀನಾ ಪಟ್ಟಿ 2023ರಲ್ಲಿ ಎಲೊ ಲೆಕ್ಕದಿಂದ ಶುರುವಾಗಿ ಆಮೇಲೆ ಬ್ರ್ಯಾಡ್ಲಿ–ಟೆರ್ರಿಗೆ ಹೋಯ್ತು. ಚೆಸ್‌ನವರು ಇಪ್ಪತ್ತು ವರ್ಷ ನಡೆದ ದಾರಿಯನ್ನು ಅವರು ಕೆಲವೇ ತಿಂಗಳಲ್ಲಿ ನಡೆದರು. ಅಲ್ಲೂ ಪ್ಲಸ್ ಮೈನಸ್ ಇದೆ, ನೋಡಿ. ವಾಟ್ಸಾಪಿನಲ್ಲಿ ಬರೋ ಸ್ಕ್ರೀನ್‌ಶಾಟಿನಲ್ಲಿ ಇರಲ್ಲ.

ಆದರೆ ಪ್ರೋಗ್ರಾಂ ಬರೆಯೋರಿಗೆ ಪಟ್ಟಿಯಿಂದ ಏನುಪಯೋಗ? ಸ್ಟಾಕ್‌ಫಿಶ್‌ನಂಥ ಎಂಜಿನ್ನು ಒಂದು ಸಾಲು ಕೋಡ್ ಬದಲಾಯಿಸಿದರೆ ಸಿಗೋದು ಒಂದೋ ಎರಡೋ ಪಾಯಿಂಟ್. ಒಂದು ಪಾಯಿಂಟಿನ ಮಾರ್ಜಿನ್ ಬೇಕಂದ್ರೆ ಒಂದೂವರೆ ಲಕ್ಷಕ್ಕೂ ಮೀರಿ ಆಟ ಬೇಕು. ಪ್ರತಿ ಸಾಲಿಗೂ ಅಷ್ಟು ಆಡಿಸೋರು ಯಾರು? ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ಮದ್ದುಗುಂಡಿನ ಪರೀಕ್ಷೆಗಳಿಂದ.

ಅಬ್ರಹಾಂ ವಾಲ್ಡ್ ಹುಟ್ಟಿದ್ದು 1902ರಲ್ಲಿ, ಎಲೊಗಿಂತ ಒಂದು ವರ್ಷ ಮೊದಲು, ಅದೇ ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯದಲ್ಲಿ. ಯಹೂದಿ, ಹಾಗಾಗಿ ಹಿಟ್ಲರನ ಕಾಲಕ್ಕೆ ಅಮೆರಿಕ ಸೇರಬೇಕಾಯ್ತು. ಯುದ್ಧದ ಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದರು. ನೌಕಾಪಡೆಯ ಅಧಿಕಾರಿಯೊಬ್ಬರು ಒಂದು ಸಾಮಾನ್ಯ ಬುದ್ಧಿಯ ಪ್ರಶ್ನೆ ಎತ್ತಿದ್ದರು: ಸಾವಿರಾರು ಗುಂಡು ಹಾರಿಸಿ ಪರೀಕ್ಷಿಸಬೇಕು ಅಂತ ನಿಯಮ ಇದೆ, ಆದರೆ ಮೊದಲ ಕೆಲವು ನೂರರಲ್ಲೇ ಇದು ಕೆಲಸಕ್ಕೆ ಬಾರದ್ದು ಅಂತ ಅನುಭವಸ್ಥನಿಗೆ ಗೊತ್ತಾದರೆ ಉಳಿದದ್ದನ್ನು ಯಾಕೆ ಹಾರಿಸಬೇಕು? ತಂಡದ ಆಲನ್ ವಾಲಿಸ್ ಮತ್ತು ಮಿಲ್ಟನ್ ಫ್ರೀಡ್‌ಮನ್, ಹೌದು, ಮುಂದೆ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಅದೇ ಫ್ರೀಡ್‌ಮನ್, ಈ ಪ್ರಶ್ನೆಯನ್ನು ವಾಲ್ಡ್ ಹತ್ತಿರ ತಂದರು. ವಾಲ್ಡ್ 1943ರಲ್ಲಿ ಪರಿಹಾರ ಕೊಟ್ಟರು. ಪ್ರತಿ ಗುಂಡಿನ ನಂತರವೂ ಸಾಕ್ಷಿಯನ್ನು ತೂಗು. ಒಂದು ಗೆರೆ ದಾಟಿದರೆ ಒಪ್ಪು, ಇನ್ನೊಂದು ಗೆರೆ ದಾಟಿದರೆ ತಿರಸ್ಕರಿಸು, ನಡುವೆ ಇದ್ದರೆ ಇನ್ನೊಂದು ಹಾರಿಸು. ಗೆರೆಗಳನ್ನು ಮೊದಲೇ ಎಳೆದಿರಬೇಕು, ಅದೇ ಮುಖ್ಯ. ಅಮೆರಿಕ ಇದನ್ನು ಯುದ್ಧ ಮುಗಿಯೋ ಹೊತ್ತಿನವರೆಗೆ ಗುಟ್ಟಾಗಿಟ್ಟಿತು.

ಈ ವಿಚಾರಕ್ಕೆ ಬಂಗಾಳದ ಸೆಣಬಿನ ಗದ್ದೆಗಳಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಹಂತ ಹಂತವಾಗಿ ಮಾಡಿದ ಸಮೀಕ್ಷೆಯೂ ಒಂದು ಪೂರ್ವಸೂಚನೆ ಅಂತ ವಾಲ್ಡ್ ಸ್ವತಃ ನೆನೆದಿದ್ದಾರೆ. 1950ರ ಕೊನೆಯಲ್ಲಿ ವಾಲ್ಡ್ ಭಾರತಕ್ಕೆ ಬಂದರು, ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಕೊಡಲು. ಡಿಸೆಂಬರ್ 13ರಂದು ಅವರೂ ಅವರ ಹೆಂಡತಿಯೂ ಇದ್ದ ಏರ್ ಇಂಡಿಯಾ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿದು ಇಬ್ಬರೂ ತೀರಿಕೊಂಡರು. ವಾಲ್ಡ್‌ಗೆ ಆಗ 48 ವರ್ಷ. ನಾವು ಲಾಂಗ್ ವೀಕೆಂಡಿಗೆ ಬಂಡೀಪುರ ದಾಟಿ ಊಟಿಗೆ ಹೋಗ್ತೀವಲ್ಲ, ಆ ಬೆಟ್ಟಗಳ ಸಾಲಿನಲ್ಲೇ. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಅವರ ಗಣಿತ ಓಡಿಸುವ ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಸ್ಟಾಕ್‌ಫಿಶ್‌ಗಾಗಿ ಫಿಶ್‌ಟೆಸ್ಟ್ ಅನ್ನೋ ವ್ಯವಸ್ಥೆ ಕಟ್ಟಿದಾಗ ಅದರ ಹೊಟ್ಟೆಯೊಳಗೆ ಬಂದು ಕೂತದ್ದು ಈ ವಾಲ್ಡ್ ಪರೀಕ್ಷೆಯೇ. ಯಾರು ಬೇಕಾದರೂ ಒಂದು ಬದಲಾವಣೆ ಕಳಿಸಬಹುದು. ಜಗತ್ತಿನಾದ್ಯಂತ ಸ್ವಯಂಸೇವಕರ ಕಂಪ್ಯೂಟರುಗಳು ಹಳೇ ಸ್ಟಾಕ್‌ಫಿಶ್ ಎದುರು ಹೊಸದನ್ನು ಆಡಿಸ್ತವೆ, ಮೊದಲು ವೇಗದ ಆಟ, ಪಾಸಾದರೆ ನಿಧಾನದ ಆಟ. ಕೆಟ್ಟ ಐಡಿಯಾ ಬೇಗ ಸಾಯುತ್ತೆ, ಒಳ್ಳೇದಕ್ಕೆ ಎಷ್ಟು ಆಟ ಬೇಕೋ ಅಷ್ಟು. ದೊಡ್ಡ ಪ್ರೋಗ್ರಾಮರ್ ಕಳಿಸಿದ್ದು ಅಂತ ರಿಯಾಯಿತಿ ಇಲ್ಲ. ಆದರೂ ನೂರು ನಿಷ್ಪ್ರಯೋಜಕ ಐಡಿಯಾ ಬಂದರೆ ಕೆಲವು ಅದೃಷ್ಟದಿಂದ ನುಸುಳ್ತವೆ, ಅದಕ್ಕೇ ಆಗಾಗ ಹಿಂದಿನ ಬಿಡುಗಡೆಯ ಆವೃತ್ತಿಯ ಎದುರು ಹತ್ತಾರು ಸಾವಿರ ಆಟ ಆಡಿಸಿ ಒಟ್ಟು ಲೆಕ್ಕ ನೋಡ್ತಾರೆ.

ಹೀಗಿರುವಾಗ 2017ರ ಡಿಸೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ಆಲ್ಫಾಝೀರೊ ಬಗ್ಗೆ ಪ್ರಕಟಿಸಿತು. ಸ್ಟಾಕ್‌ಫಿಶ್ 8ರ ಎದುರು 100 ಆಟ: 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ. 64 ಅಂಕ, ಅಂದರೆ ಸರಿಯಾಗಿ 100 ಪಾಯಿಂಟ್ ಅಂತರ, ಮಾರ್ಜಿನ್ ಸೇರಿಸಿದರೆ 65ರಿಂದ 135ರ ನಡುವೆ ಎಲ್ಲೋ. ಅಂಕಿ ಲೆಕ್ಕದಲ್ಲಿ ತಕರಾರಿಗೆ ಜಾಗವೇ ಇಲ್ಲ. 28ಕ್ಕೆ ಸೊನ್ನೆ ಅದೃಷ್ಟದಿಂದ ಬರಲ್ಲ. ತಕರಾರು ಬಂದದ್ದು ಬೇರೆ ಕಡೆಯಿಂದ. ಸ್ಟಾಕ್‌ಫಿಶ್‌ಗೆ ಓಪನಿಂಗ್ ಪುಸ್ತಕ ಕೊಟ್ಟಿರಲಿಲ್ಲ. 64 ಥ್ರೆಡ್ ಓಡಿಸಿ ಹ್ಯಾಶ್ ಮೆಮೊರಿ ಮಾತ್ರ 1 ಜಿಬಿ. ಪ್ರತಿ ನಡೆಗೂ ಕಡ್ಡಾಯ ಒಂದು ನಿಮಿಷ, ಕಷ್ಟದ ಜಾಗದಲ್ಲಿ ಹೆಚ್ಚು ಯೋಚಿಸುವ ಅದರ ಸಾಮರ್ಥ್ಯ ವ್ಯರ್ಥ. ಮೇಲಾಗಿ ಎರಡೂ ಬೇರೆ ಬೇರೆ ಜಾತಿಯ ಯಂತ್ರಗಳ ಮೇಲೆ ಓಡಿದ್ದವು. ಮರುವರ್ಷದ ಪೂರ್ಣ ಪ್ರಬಂಧದಲ್ಲಿ 1000 ಆಟ, ಸುಧಾರಿಸಿದ ನಿಯಮಗಳು: 155 ಗೆಲುವು, 6 ಸೋಲು, ಉಳಿದದ್ದು ಡ್ರಾ. ಲೆಕ್ಕ ಹಾಕಿದರೆ 52 ಪಾಯಿಂಟ್ ಅಂತರ, ಮಾರ್ಜಿನ್ 8. ಮೊದಲ ಸಂಖ್ಯೆಯ ಅರ್ಧ. ಎರಡೂ ನಿಜ, ಎರಡೂ ತಂತಮ್ಮ ಕೋಣೆಯೊಳಗೆ ನಿಜ.

ಈಗ ಸಿಸಿಆರ್‌ಎಲ್ ಪಟ್ಟಿ ತೆಗೆದರೆ ತುದಿಯಲ್ಲಿ 3600ರ ಆಸುಪಾಸಿನ ಸಂಖ್ಯೆ ಕಾಣುತ್ತೆ. ಮನುಷ್ಯರಲ್ಲಿ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882 ಇವತ್ತಿಗೂ ದಾಖಲೆ. ಕಳೆದುಬಿಟ್ಟು "700 ಪಾಯಿಂಟ್ ಅಂತರ" ಅನ್ನೋರನ್ನು ಕಂಡರೆ ನನಗೆ ಬ್ಲಡ್‌ಗುಡ್ ನೆನಪಾಗ್ತಾನೆ. ಎಂಜಿನ್ ಕಾರ್ಲ್‌ಸನ್‌ಗಿಂತ ಬಲಶಾಲಿ ಅನ್ನೋದರಲ್ಲಿ ಯಾವ ಅನುಮಾನವೂ ಇಲ್ಲ. ಎಷ್ಟು ಅಂತ ಹೇಳೋ ಸೇತುವೆ ಮಾತ್ರ ಇಲ್ಲ.

ತುದಿಯಲ್ಲೇ ಈಗ ಹೊಸ ಪೇಚಾಟ. ಎಂಜಿನ್‌ಗಳು ಎಷ್ಟು ಚೆನ್ನಾಗಿ ಆಡ್ತವೆ ಅಂದರೆ ಸಾಮಾನ್ಯ ಶುರುವಿನಿಂದ ಬಿಟ್ಟರೆ ಹೆಚ್ಚಿನವು ಡ್ರಾ. ಡ್ರಾ ಸಾಕ್ಷಿ ಹೇಳಲ್ಲ ಅಂದೆನಲ್ಲ, ಸಾವಿರ ಆಟ ಆಡಿಸಿ ಬೆರಳೆಣಿಕೆಯ ಗೆಲುವು ಸಿಕ್ಕರೆ ಅಳೆಯೋದು ಏನನ್ನ? ಹಾಗಾಗಿ ಪರೀಕ್ಷೆ ಮಾಡೋರು ಈಗ ಬೇಕಂತಲೇ ಕೆಡಿಸಿದ ಸ್ಥಿತಿಯಿಂದ ಆಟ ಶುರು ಮಾಡಿಸ್ತಾರೆ. ಮನುಷ್ಯರು ಎಡವಿದ ಓಪನಿಂಗ್‌ಗಳನ್ನು ಆರಿಸಿ, ಬಿಳಿಗೆ ಗೆಲುವಿನ ಅಂಚಿನಷ್ಟು ಮೇಲುಗೈ ಕೊಟ್ಟು, ಅದೇ ಸ್ಥಿತಿಯನ್ನು ಬಣ್ಣ ಅದಲುಬದಲು ಮಾಡಿ ಎರಡು ಸಲ ಆಡಿಸೋದು. ಎರಡು ಆಟ ಸೇರಿ ಒಂದು ಫಲಿತಾಂಶ ಅಂತ ಎಣಿಸೋದು. ಇದರಿಂದ ಅಂತರಗಳು ಮತ್ತೆ ಹಿಗ್ಗಿದವು. ಅದೇ ಎರಡು ಎಂಜಿನ್, ಅದೇ ಯಂತ್ರ, ಪುಸ್ತಕ ಬದಲಾದರೆ ಪಾಯಿಂಟ್ ಅಂತರವೂ ಬದಲಾಗುತ್ತೆ. ಹಾಗಾಗಿ ಒಳ್ಳೇ ಪಟ್ಟಿಗಳ ತಲೆಯಲ್ಲಿ ಈಗ ಯಂತ್ರ, ಸಮಯ, ಹ್ಯಾಶ್ ಮೆಮೊರಿ ಎಲ್ಲದರ ಜೊತೆಗೆ ಯಾವ ಓಪನಿಂಗ್ ಪುಸ್ತಕ ಅನ್ನೋದನ್ನೂ ಬರೆದಿರ್ತಾರೆ.